ಮಗುವಿನ ದಾಖಲೆ ಮತ್ತು ಮಾತೃಭಾಷೆಯ ಕಾಲಂ: ದತ್ತಾಂಶ ಆಡಳಿತದ ರಾಷ್ಟ್ರೀಯ ಮಾನದಂಡಗಳ ಬಗ್ಗೆ ಗಡಿನಾಡ ಪಾಲಕರು ತಿಳಿದಿರಬೇಕಾದದ್ದು

ಅಕ್ಕಲಕೋಟೆ ಅಥವಾ ದಕ್ಷಿಣ ಸೊಲ್ಲಾಪುರ ತಾಲೂಕಿನ ಕನ್ನಡ ಮಾಧ್ಯಮ ಶಾಲೆಗೆ ಮಗುವೊಂದು ಸೇರಿದಾಗ ಅದರ ಹೆಸರು ಎರಡು ಕಡೆ ದಾಖಲಾಗುತ್ತದೆ. ಮೊದಲನೆಯದು ಮುಖ್ಯಾಧ್ಯಾಪಕರ ಕಪಾಟಿನಲ್ಲಿರುವ ಜನರಲ್ ರಜಿಸ್ಟರ್. ಎರಡನೆಯದು ಗಣಕಯಂತ್ರದ ಮೂಲಕ ರಾಜ್ಯ ಮತ್ತು ಕೇಂದ್ರ ಸರ್ಕಾರಗಳಿಗೆ ತಲುಪುವ ವಿದ್ಯಾರ್ಥಿ ದತ್ತಾಂಶ. ಮೊದಲನೆಯದನ್ನು ಪಾಲಕರು ಕಣ್ಣಾರೆ ಕಂಡಿರುತ್ತಾರೆ; ಎರಡನೆಯದನ್ನು ಕಂಡವರು ವಿರಳ. ಆದರೆ ಶಿಕ್ಷಕರ ಹುದ್ದೆ, ವಿದ್ಯಾರ್ಥಿವೇತನ, ಮುಂದಿನ ಪ್ರವೇಶ ಇವೆಲ್ಲ ಈಗ ಹೆಚ್ಚಾಗಿ ಎರಡನೆಯದನ್ನೇ ಅವಲಂಬಿಸಿವೆ. ಈ ದತ್ತಾಂಶವನ್ನು ಯಾರು, ಯಾವ ನಿಯಮದಂತೆ ಸಂಗ್ರಹಿಸಬೇಕು, ಬಳಸಬೇಕು, ಕಾಪಾಡಬೇಕು ಎಂಬ ರಾಷ್ಟ್ರೀಯ ಮಾನದಂಡಗಳು ರೂಪುಗೊಳ್ಳುತ್ತಿವೆ. ಅವುಗಳ ಸಾರವನ್ನು ಕನ್ನಡ ಶಾಲೆಗಳ ಕುಟುಂಬಗಳಿಗಾಗಿ ಇಲ್ಲಿ ಕ್ರೋಡೀಕರಿಸಿದ್ದೇವೆ.

ದತ್ತಾಂಶ ಆಡಳಿತ ಎಂದರೇನು?

ಮಾಹಿತಿಯನ್ನು ಕೂಡಿಹಾಕುವುದಷ್ಟೇ ದತ್ತಾಂಶ ಆಡಳಿತವಲ್ಲ. ಯಾವ ಉದ್ದೇಶಕ್ಕೆ ಮಾಹಿತಿ ಪಡೆಯುತ್ತಾರೆ, ಅದು ನಿಖರವಾಗಿದೆಯೇ, ಯಾರು ನೋಡಬಹುದು, ಎಷ್ಟು ಕಾಲ ಇಟ್ಟುಕೊಳ್ಳಬಹುದು, ತಪ್ಪಿದ್ದರೆ ತಿದ್ದುವವರು ಯಾರು ಎಂಬ ಪ್ರಶ್ನೆಗಳಿಗೆ ಮೊದಲೇ ಉತ್ತರ ಗೊತ್ತುಪಡಿಸಿಡುವ ವ್ಯವಸ್ಥೆ ಅದು. ಮಾನದಂಡ ಎಂದರೆ ಆ ಉತ್ತರಗಳು ಎಲ್ಲ ರಾಜ್ಯಗಳಲ್ಲಿಯೂ ಒಂದೇ ರೀತಿಯಲ್ಲಿ ಇರುವಂತೆ ನೋಡಿಕೊಳ್ಳುವ ಅಳತೆಗೋಲು. ಇದರ ಅಗತ್ಯ ಗಡಿಯಲ್ಲಿ ಎದ್ದು ಕಾಣುತ್ತದೆ. ಮಹಾರಾಷ್ಟ್ರದಲ್ಲಿ ವಿದ್ಯಾರ್ಥಿ ದಾಖಲೆಗೆ ‘ಸರಲ್’ ವ್ಯವಸ್ಥೆಯಿದೆ; ಕರ್ನಾಟಕದಲ್ಲಿ ‘ಸ್ಯಾಟ್ಸ್’ ಇದೆ. ದುಧನಿಯಲ್ಲಿ ಓದಿದ ಮಗು ಆಳಂದಕ್ಕೋ ಅಫಜಲಪುರಕ್ಕೋ ಹೋದರೆ ಒಂದು ರಾಜ್ಯದ ದಾಖಲೆ ಇನ್ನೊಂದಕ್ಕೆ ಅರ್ಥವಾಗಬೇಕು.

ಮಾನದಂಡಗಳು ಬಂದ ದಾರಿ

2012ರಲ್ಲಿ ಸರ್ಕಾರಿ ದತ್ತಾಂಶ ಹಂಚಿಕೆಯ ರಾಷ್ಟ್ರೀಯ ನೀತಿ ಜಾರಿಗೆ ಬಂದಿತು. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನವು ಮೂಲಭೂತ ಹಕ್ಕೆಂದು ಸಾರಿತು. ಆ ಪ್ರಕರಣದ ಅರ್ಜಿದಾರರಾದ ಕೆ. ಎಸ್. ಪುಟ್ಟಸ್ವಾಮಿಯವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಗಳು. 2018ರಲ್ಲಿ ಬಿ. ಎನ್. ಶ್ರೀಕೃಷ್ಣ ಸಮಿತಿಯು ವೈಯಕ್ತಿಕ ದತ್ತಾಂಶ ರಕ್ಷಣೆಯ ವರದಿ ನೀಡಿತು. ಅದೇ ವರ್ಷದ ಆಧಾರ್ ತೀರ್ಪು, ಶಾಲಾ ಪ್ರವೇಶಕ್ಕೆ ಆಧಾರ್ ಕಡ್ಡಾಯವಲ್ಲವೆಂದೂ ಮಗುವಿನ ಆಧಾರ್ ನೋಂದಣಿಗೆ ಪಾಲಕರ ಒಪ್ಪಿಗೆ ಬೇಕೆಂದೂ ಹೇಳಿತು. 2022ರ ಮೇ ತಿಂಗಳಲ್ಲಿ ಕೇಂದ್ರವು ರಾಷ್ಟ್ರೀಯ ದತ್ತಾಂಶ ಆಡಳಿತ ಚೌಕಟ್ಟಿನ ಕರಡನ್ನು ಹೊರಡಿಸಿತು. 2023ರ ಆಗಸ್ಟ್‌ನಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ದೊರೆಯಿತು. 2025ರ ನವೆಂಬರ್‌ನಲ್ಲಿ ಅದರ ನಿಯಮಗಳು ಪ್ರಕಟವಾದವು. ಪ್ರಮುಖ ಹೊಣೆಗಾರಿಕೆಗಳು ಅಲ್ಲಿಂದ 18 ತಿಂಗಳ ಬಳಿಕ, ಅಂದರೆ 2027ರ ಮೇ ತಿಂಗಳಲ್ಲಿ ಪೂರ್ಣವಾಗಿ ಜಾರಿಗೆ ಬರಲಿವೆ. ಇರುವ ಈ ಅವಧಿ ನಮಗೆ ಸಿದ್ಧತೆಯ ಕಾಲ.

ಶಾಲೆಯಲ್ಲಿ ಏನೇನು ದಾಖಲಾಗುತ್ತದೆ?

ದೇಶದ ಪ್ರತಿಯೊಂದು ಶಾಲೆಗೂ 11 ಅಂಕಿಗಳ ‘ಯುಡೈಸ್’ ಸಂಕೇತವಿದೆ. ಮಹಾರಾಷ್ಟ್ರದ ಶಾಲೆಗಳದು 27ರಿಂದ, ಕರ್ನಾಟಕದ ಶಾಲೆಗಳದು 29ರಿಂದ ಆರಂಭವಾಗುತ್ತದೆ. ಮೊದಲು ಶಾಲೆಯ ಒಟ್ಟು ಸಂಖ್ಯೆಗಳನ್ನು ಮಾತ್ರ ಕೇಳುತ್ತಿದ್ದ ಈ ವ್ಯವಸ್ಥೆ 2022-23ರಿಂದ ಪ್ರತಿಯೊಂದು ಮಗುವಿನ ವಿವರವನ್ನೂ ಪಡೆಯುತ್ತಿದೆ. ಹೆಸರು, ಜನ್ಮದಿನಾಂಕ, ತಂದೆತಾಯಿಯ ಹೆಸರು, ಮಾತೃಭಾಷೆ, ಸಾಮಾಜಿಕ ವರ್ಗ, ಕಲಿಕೆಯ ಮಾಧ್ಯಮ ಇವು ಅದರಲ್ಲಿ ಸೇರಿವೆ. ಇದರ ಜೊತೆಗೆ ‘ಒಂದು ದೇಶ, ಒಂದು ವಿದ್ಯಾರ್ಥಿ ಗುರುತು’ ಎಂಬ ಹೆಸರಿನ 12 ಅಂಕಿಗಳ ‘ಅಪಾರ್’ ಗುರುತು ಬಂದಿದೆ. ಅದು ಡಿಜಿಲಾಕರ್‌ಗೆ ಜೋಡಣೆಯಾಗುತ್ತದೆ. ಅದಕ್ಕೆ ಪಾಲಕರ ಲಿಖಿತ ಒಪ್ಪಿಗೆ ಬೇಕು, ಕೊಟ್ಟ ಒಪ್ಪಿಗೆಯನ್ನು ಹಿಂಪಡೆಯಲೂಬಹುದು.

ಇಲ್ಲಿ ಒಂದು ಸೂಕ್ಷ್ಮವಿದೆ. ಯುಡೈಸ್ ನಮೂನೆಯ ‘ಅಲ್ಪಸಂಖ್ಯಾತ’ ಕಾಲಂ ಧಾರ್ಮಿಕ ಅಲ್ಪಸಂಖ್ಯಾತರಿಗೆ ಸಂಬಂಧಿಸಿದ್ದು. ಭಾಷಿಕ ಅಲ್ಪಸಂಖ್ಯಾತನಾದ ಕನ್ನಡದ ಮಗು ಆ ಕಾಲಂನಲ್ಲಿ ಕಾಣುವುದಿಲ್ಲ. ಆ ಮಗುವಿನ ಭಾಷಿಕ ಗುರುತನ್ನು ಹೇಳುವವು ಮಾತೃಭಾಷೆ ಮತ್ತು ಮಾಧ್ಯಮ ಎಂಬ ಎರಡೇ ಕಾಲಂಗಳು. ಅವಸರದಲ್ಲಿ ರಾಜ್ಯಭಾಷೆಯನ್ನೇ ಮಾತೃಭಾಷೆಯೆಂದು ತುಂಬಿದರೆ ಸರ್ಕಾರದ ಲೆಕ್ಕದಲ್ಲಿ ಆ ಮಗು ಕನ್ನಡದ್ದಾಗಿ ಉಳಿಯುವುದಿಲ್ಲ.

ಎಣಿಕೆ ಏಕೆ ಮುಖ್ಯ?

ಭಾಷಿಕ ಅಲ್ಪಸಂಖ್ಯಾತರ ಹಕ್ಕುಗಳು ಮೊದಲಿನಿಂದಲೂ ಸಂಖ್ಯೆಯೊಡನೆ ಹೆಣೆದುಕೊಂಡಿವೆ. 1949ರ ಪ್ರಾಂತೀಯ ಶಿಕ್ಷಣ ಸಚಿವರ ಸಮ್ಮೇಳನವು, ಶಾಲೆಯಲ್ಲಿ 40 ಅಥವಾ ತರಗತಿಯಲ್ಲಿ 10 ಮಕ್ಕಳಿದ್ದರೆ ಅವರ ಮಾತೃಭಾಷೆಯಲ್ಲಿ ಕಲಿಸಲು ಶಿಕ್ಷಕರನ್ನು ಒದಗಿಸಬೇಕೆಂದು ನಿರ್ಣಯಿಸಿತ್ತು. 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿ ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಶಿಕ್ಷಣದ ಸೌಲಭ್ಯವನ್ನು ಹೇಳಿದರೆ, 350ಬಿ ವಿಧಿ ಭಾಷಿಕ ಅಲ್ಪಸಂಖ್ಯಾತರಿಗಾಗಿ ವಿಶೇಷಾಧಿಕಾರಿಯನ್ನು ಒದಗಿಸಿತು. 1967ರ ಮಹಾಜನ ವರದಿಯಲ್ಲಿ ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರಗಳ ವಿಚಾರ ಬಂದಾಗಲೂ ತೂಗಿ ನೋಡಿದ್ದು ಭಾಷಿಕರ ಸಂಖ್ಯೆಯನ್ನೇ.

ಇಂದು ಮಹಾರಾಷ್ಟ್ರದಲ್ಲಿ ಶಿಕ್ಷಕರ ಹುದ್ದೆಗಳನ್ನು ನಿರ್ಧರಿಸುವ ‘ಸಂಚ ಮಾನ್ಯತೆ’ಗೆ ಆಧಾರ್ ಪರಿಶೀಲನೆ ಮುಗಿದ ವಿದ್ಯಾರ್ಥಿಗಳ ಸಂಖ್ಯೆಯೇ ಆಧಾರವಾಗಿದೆ. ದೊಡ್ಡ ಶಾಲೆಯಲ್ಲಿ ನಾಲ್ಕೈದು ಹೆಸರುಗಳು ತಾಳೆಯಾಗದಿದ್ದರೆ ಬಾಧೆ ಕಡಿಮೆ. ಕೆಲವೇ ಹತ್ತುಗಳ ಸಂಖ್ಯೆಯ ಗಡಿಭಾಗದ ಕನ್ನಡ ಶಾಲೆಯಲ್ಲಿ ಅಷ್ಟೇ ಹೆಸರುಗಳಿಂದ ಒಬ್ಬ ಶಿಕ್ಷಕರ ಹುದ್ದೆ ಹೋಗಬಹುದು. ಹುದ್ದೆ ಹೋದರೆ ಪಾಲಕರ ವಿಶ್ವಾಸ ಹೋಗುತ್ತದೆ. ಮರುವರ್ಷ ಪ್ರವೇಶ ಇನ್ನಷ್ಟು ಇಳಿಯುತ್ತದೆ.

ಕರ್ನಾಟಕದ ವೃತ್ತಿಶಿಕ್ಷಣ ಪ್ರವೇಶದಲ್ಲಿ ಗಡಿನಾಡ ಕನ್ನಡಿಗರಿಗಿರುವ ಅರ್ಹತಾ ನಿಯಮದಲ್ಲಿ ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ ತಾಲೂಕುಗಳು ಸೇರಿವೆ. ಅಲ್ಲಿಯೂ ಮಾತೃಭಾಷೆ ಹಾಗೂ ವ್ಯಾಸಂಗದ ಪುರಾವೆ ಬೇಕು. ಒಂದನೆಯ ತರಗತಿಯಲ್ಲಿ ತುಂಬಿದ ಕಾಲಂ ಹನ್ನೆರಡನೆಯ ತರಗತಿಯ ನಂತರ ಉಪಯೋಗಕ್ಕೆ ಬರುತ್ತದೆ.

ಹೆಸರಿನ ತೊಡಕು

ಸೊಲ್ಲಾಪುರ ಸಿದ್ಧರಾಮನ ಊರು. ಆ ಹೆಸರಿನ ಮಕ್ಕಳು ನಮ್ಮ ಶಾಲೆಗಳಲ್ಲಿ ಬಹಳ. ಅದೇ ಹೆಸರು ರಜಿಸ್ಟರಿನಲ್ಲಿ ‘ಸಿದ್ಧರಾಮ’, ಆಧಾರ್‌ನಲ್ಲಿ ‘ಸಿದ್ರಾಮ’, ಜನನ ಪ್ರಮಾಣಪತ್ರದಲ್ಲಿ ‘ಸಿದ್ದಾರಾಮ’ ಎಂದಾದರೆ ಗಣಕಯಂತ್ರಕ್ಕೆ ಅವರು ಮೂವರು. ಕನ್ನಡದ ಹ್ರಸ್ವ ಎ, ಒ ಸ್ವರಗಳಿಗೆ ರೂಢಿಯ ಮರಾಠಿ ಬರವಣಿಗೆಯಲ್ಲಿ ಪ್ರತ್ಯೇಕ ಗುರುತಿಲ್ಲ. ಇಂಗ್ಲಿಷಿನಲ್ಲಿ ಹ್ರಸ್ವದೀರ್ಘ, ಅಲ್ಪಪ್ರಾಣ ಮಹಾಪ್ರಾಣಗಳ ಭೇದ ಸುಲಭವಾಗಿ ಅಳಿಸಿಹೋಗುತ್ತದೆ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ ತನ್ನದೇ ಸ್ಥಾನವಿದೆ. ಆದುದರಿಂದ ಹೆಸರಿನ ಕನ್ನಡ ರೂಪವನ್ನೂ ದಾಖಲೆಯಲ್ಲಿ ಇರಿಸಿಕೊಳ್ಳಲು ತಾಂತ್ರಿಕ ಅಡ್ಡಿಯಿಲ್ಲ. ಮೂರು ಲಿಪಿಗಳಲ್ಲಿ ಬಾಳುವ ಮಕ್ಕಳನ್ನು ಮಾನದಂಡ ರೂಪಿಸುವವರು ಗಮನಿಸಬೇಕೆಂಬುದು ನಮ್ಮ ಬೇಡಿಕೆ.

ಹೊಸ ಕಾಯ್ದೆ ಕೊಡುವುದೇನು?

ಮೊದಲನೆಯದಾಗಿ, 18 ವರ್ಷದೊಳಗಿನವರೆಲ್ಲರೂ ಈ ಕಾಯ್ದೆಯಲ್ಲಿ ಮಕ್ಕಳು. ಅವರ ದತ್ತಾಂಶವನ್ನು ಒಪ್ಪಿಗೆಯ ಆಧಾರದ ಮೇಲೆ ಬಳಸುವವರು ಪಾಲಕರಿಂದ ಪರಿಶೀಲಿಸಬಹುದಾದ ಒಪ್ಪಿಗೆ ಪಡೆಯಬೇಕು. ಮಕ್ಕಳನ್ನು ಗುರಿಯಾಗಿಸಿದ ಜಾಹೀರಾತು ನಿಷಿದ್ಧ. ಮಕ್ಕಳಿಗೆ ಸಂಬಂಧಿಸಿದ ಹೊಣೆಗಳನ್ನು ಉಲ್ಲಂಘಿಸಿದರೆ 200 ಕೋಟಿ ರೂಪಾಯಿಗಳವರೆಗೆ ದಂಡವಿದೆ. ಖಾಸಗಿ ಕಲಿಕಾ ಆ್ಯಪ್‌ಗಳಿಗೆ ಮಗುವಿನ ಹೆಸರು, ಮೊಬೈಲ್ ಸಂಖ್ಯೆ ಕೊಡುವಾಗ ಇದು ನೆನಪಿರಲಿ.

ಎರಡನೆಯದಾಗಿ, ಒಪ್ಪಿಗೆಯ ಕೋರಿಕೆ ಸರಳ ಭಾಷೆಯಲ್ಲಿರಬೇಕು. ಅದನ್ನು ಇಂಗ್ಲಿಷ್ ಅಥವಾ ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ಇರಬೇಕು. ಆ 22 ಭಾಷೆಗಳಲ್ಲಿ ಕನ್ನಡವೂ ಒಂದು. ಕಾಯ್ದೆ ಈ ಆಯ್ಕೆಯನ್ನು ವ್ಯಕ್ತಿಗೆ ಕೊಟ್ಟಿದೆಯೇ ಹೊರತು ರಾಜ್ಯದ ಗಡಿಗೆ ಕಟ್ಟಿಹಾಕಿಲ್ಲ. ಮಹಾರಾಷ್ಟ್ರದಲ್ಲಿರುವ ಕನ್ನಡದ ತಾಯಿಗೂ ಅದು ಸಲ್ಲುತ್ತದೆ.

ಮೂರನೆಯದಾಗಿ, ಮಿತಿಯೊಂದಿದೆ. ಸೌಲಭ್ಯ, ಪ್ರಮಾಣಪತ್ರ, ಸಹಾಯಧನಗಳಿಗಾಗಿ ಸರ್ಕಾರವು ಒಪ್ಪಿಗೆಯಿಲ್ಲದೆಯೂ ದತ್ತಾಂಶ ಬಳಸಬಹುದು. ತಿದ್ದುಪಡಿಯ ಹಕ್ಕನ್ನು ಕಾಯ್ದೆ ಮುಖ್ಯವಾಗಿ ಒಪ್ಪಿಗೆಯಿಂದ ಪಡೆದ ದತ್ತಾಂಶಕ್ಕೆ ಕೊಟ್ಟಿದೆ. ಆದರೆ ವ್ಯಕ್ತಿಯ ಮೇಲೆ ಪರಿಣಾಮ ಬೀರುವ ನಿರ್ಧಾರಕ್ಕೆ ಬಳಸುವ ದತ್ತಾಂಶ ಪೂರ್ಣವೂ ನಿಖರವೂ ಆಗಿರುವಂತೆ ನೋಡಿಕೊಳ್ಳುವ ಹೊಣೆಯನ್ನು ಸಂಗ್ರಹಿಸುವವರ ಮೇಲೆ ಅದೇ ಕಾಯ್ದೆ ಹೊರಿಸಿದೆ. ಮಾತೃಭಾಷೆಯ ಕಾಲಂ ಸರಿಪಡಿಸಿರೆಂದು ಕೇಳಲು ಈ ಆಧಾರ ಸಾಕು.

ಜನಗಣತಿ 2027

2011ರ ಜನಗಣತಿಯಲ್ಲಿ ಮಹಾರಾಷ್ಟ್ರದ ಕನ್ನಡ ಭಾಷಿಕರು ಸುಮಾರು 10 ಲಕ್ಷ. ಮುಂದಿನ ಎಣಿಕೆಯ ಉಲ್ಲೇಖ ದಿನಾಂಕ 2027ರ ಮಾರ್ಚ್ 1. ಇದು ದೇಶದ ಮೊದಲ ಡಿಜಿಟಲ್ ಜನಗಣತಿ. ಕುಟುಂಬದವರೇ ವಿವರ ತುಂಬುವ ಅವಕಾಶವೂ ಇದೆ. 1948ರ ಜನಗಣತಿ ಕಾಯ್ದೆಯು ವೈಯಕ್ತಿಕ ಉತ್ತರಗಳನ್ನು ಗೋಪ್ಯವಾಗಿರಿಸುತ್ತದೆ. ಆದ್ದರಿಂದ ಅಂಜಿಕೆಯಿಲ್ಲದೆ ಮನೆಯ ನಿಜವಾದ ಮಾತೃಭಾಷೆಯನ್ನು ಬರೆಯಿಸಬಹುದು.

ಪಾಲಕರು ಮಾಡಬೇಕಾದದ್ದು

1. ಪ್ರವೇಶದ ಜೂನ್ ತಿಂಗಳಲ್ಲಿಯೇ ಜನನ ಪ್ರಮಾಣಪತ್ರ, ಆಧಾರ್, ಜನರಲ್ ರಜಿಸ್ಟರ್ ಮೂರರಲ್ಲಿಯೂ ಹೆಸರು ಮತ್ತು ಜನ್ಮದಿನಾಂಕವನ್ನು ತಾಳೆ ನೋಡಿ.

2. ಮಗುವಿನ ಯುಡೈಸ್ ವಿವರದ ಮುದ್ರಿತ ಪ್ರತಿಯನ್ನು ಕೇಳಿ, ಮಾತೃಭಾಷೆ ಮತ್ತು ಮಾಧ್ಯಮದ ಕಾಲಂಗಳನ್ನು ಓದಿ.

3. ಮನೆಯ ಭಾಷೆ ಉರ್ದು, ತೆಲುಗು, ಮರಾಠಿ ಅಥವಾ ಲಂಬಾಣಿಯಾಗಿದ್ದು ಮಗು ಕನ್ನಡ ಶಾಲೆಯಲ್ಲಿದ್ದರೆ ಮಾತೃಭಾಷೆಯನ್ನು ಇದ್ದಂತೆಯೇ ಬರೆಯಿಸಿ. ಮಾಧ್ಯಮದ ಕಾಲಂನಲ್ಲಿ ಕನ್ನಡವೆಂದಿದ್ದರೆ ಸಾಕು. ಸುಳ್ಳು ಎಣಿಕೆಯಿಂದ ಯಾವ ಶಾಲೆಯೂ ಉಳಿಯದು.

4. ಒಪ್ಪಿಗೆ ಪತ್ರ ಓದಲಾಗದ ಭಾಷೆಯಲ್ಲಿದ್ದರೆ ಕನ್ನಡ ಪ್ರತಿಯನ್ನು ಲಿಖಿತವಾಗಿ ಕೇಳಿ. ಅದು ಬರುವವರೆಗೆ ಶಿಕ್ಷಕರಿಂದ ಓದಿಸಿಕೊಂಡು ಅರ್ಥವಾದ ಮೇಲೆಯೇ ಸಹಿ ಮಾಡಿ.

5. ತಿದ್ದುಪಡಿಯ ಅರ್ಜಿಯನ್ನು ಮುಖ್ಯಾಧ್ಯಾಪಕರಿಗೆ ಎರಡು ಪ್ರತಿಗಳಲ್ಲಿ ಕೊಟ್ಟು, ಒಂದರ ಮೇಲೆ ದಿನಾಂಕಸಹಿತ ಸ್ವೀಕೃತಿ ಪಡೆದು ಮನೆಯಲ್ಲಿ ಇರಿಸಿಕೊಳ್ಳಿ.

6. ಮಗುವಿನ ಆಧಾರ್ ಪ್ರತಿಯನ್ನು ವಾಟ್ಸಾಪ್ ಗುಂಪುಗಳಲ್ಲಿ ಹಾಕಬೇಡಿ.

ಶಾಲಾ ವ್ಯವಸ್ಥಾಪನ ಸಮಿತಿಗಳಲ್ಲಿ ಪಾಲಕರೇ ಬಹುಸಂಖ್ಯಾತರು. ವರ್ಷಕ್ಕೊಮ್ಮೆ ಆ ಸಮಿತಿಯ ಸಭೆಯಲ್ಲಿ ಶಾಲೆಯ ಒಟ್ಟು ಎಣಿಕೆಯನ್ನು, ಮಕ್ಕಳ ವೈಯಕ್ತಿಕ ವಿವರಗಳನ್ನು ಹೊರಗೆಡಹದೆ, ಓದಿ ಹೇಳುವ ಪದ್ಧತಿ ನಮ್ಮ ಎಲ್ಲ ಕನ್ನಡ ಶಾಲೆಗಳಲ್ಲಿ ಬರಲೆಂದು ಆಶಿಸುತ್ತೇವೆ.