ಹಳೆಯ ಕ್ಯಾರವಾನ್ ವಾಹನಗಳಲ್ಲಿ ತಾಪನ ಬಾಯ್ಲರ್ ಅಳವಡಿಕೆ: ಮಾಲೀಕರಿಗೆ ಮಾಹಿತಿ

ಮಲಗಲು, ಅಡುಗೆ ಮಾಡಲು ಹಾಗೂ ಸಾಮಾನು ಇರಿಸಲು ಸೌಕರ್ಯವುಳ್ಳ ವಾಹನವನ್ನು ಕ್ಯಾರವಾನ್ ಎಂದು ಕರೆಯಲಾಗುತ್ತದೆ. ಶೀತ ಪ್ರದೇಶಗಳಲ್ಲಿ ಸಂಚರಿಸುವವರು ಬಿಸಿನೀರು ಮತ್ತು ಬಿಸಿಗಾಳಿಗಾಗಿ ಹಳೆಯ ವಾಹನಗಳಿಗೆ ಅನಿಲ ಅಥವಾ ಡೀಸೆಲ್‌ನಿಂದ ಉರಿಯುವ ಬಾಯ್ಲರ್ ಅಳವಡಿಸುವುದುಂಟು. ಈ ಕೆಲಸವನ್ನು ಕೈಗೊಳ್ಳುವ ಮುನ್ನ ಮಾಲೀಕರು ಈ ಕೆಳಕಂಡ ಅಂಶಗಳನ್ನು ಗಮನಿಸತಕ್ಕದ್ದು.

1. ಅನ್ವಯಿಸುವ ಕಾನೂನು

ಮೋಟಾರು ವಾಹನ ಅಧಿನಿಯಮ, 1988ರ ಕಲಂ 52ರಂತೆ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲತಃ ನಿರ್ದಿಷ್ಟಪಡಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಸರ್ವೋಚ್ಚ ನ್ಯಾಯಾಲಯವು 2019ರಲ್ಲಿ ಇದನ್ನೇ ಎತ್ತಿಹಿಡಿದಿದೆ. ಬಾಯ್ಲರ್‌ಗೆ ಸ್ಥಳಾವಕಾಶ ಮಾಡಲು ಆಸನ ತೆಗೆದರೆ ಆಸನ ಸಾಮರ್ಥ್ಯವೂ, ಉಪಕರಣ ಸೇರಿಸಿದರೆ ವಾಹನದ ಖಾಲಿ ತೂಕವೂ ಬದಲಾಗುತ್ತವೆ. ಅನುಮತಿಯಿಲ್ಲದ ಮಾರ್ಪಾಡಿಗೆ ಕಲಂ 182ಎ(4)ರಡಿ ಆರು ತಿಂಗಳವರೆಗಿನ ಕಾರಾವಾಸ ಅಥವಾ ಪ್ರತಿ ಮಾರ್ಪಾಡಿಗೆ ರೂ. 5,000 ದಂಡ ಅಥವಾ ಇವೆರಡನ್ನೂ ವಿಧಿಸಬಹುದಾಗಿದೆ. ಆದ್ದರಿಂದ ವಾಹನದ ಮೈಯಲ್ಲಿ ರಂಧ್ರ ಕೊರೆಯುವ ಮುನ್ನವೇ ನೋಂದಣಿ ಪ್ರಾಧಿಕಾರವನ್ನು ಸಂಪರ್ಕಿಸುವುದು ಅಗತ್ಯ.

2. ಬಾಯ್ಲರ್‌ನ ಆಯ್ಕೆ

ಸ್ನಾನಗೃಹಗಳಲ್ಲಿ ಬಳಸುವ ಸಾಮಾನ್ಯ ಗ್ಯಾಸ್ ಗೀಸರ್ ಅನ್ನು ವಾಹನದಲ್ಲಿ ಅಳವಡಿಸಬಾರದು. ಅದು ಕೋಣೆಯೊಳಗಿನ ಗಾಳಿಯನ್ನೇ ಎಳೆದುಕೊಂಡು ಉರಿಯುತ್ತದೆ. ಗಾಳಿ ಸಾಲದಾದಾಗ ಕಾರ್ಬನ್ ಮೊನಾಕ್ಸೈಡ್ ಉತ್ಪತ್ತಿಯಾಗುತ್ತದೆ. ಈ ಅನಿಲಕ್ಕೆ ಬಣ್ಣವಾಗಲಿ ವಾಸನೆಯಾಗಲಿ ಇಲ್ಲ. ನಿದ್ರೆಯಲ್ಲಿರುವವರು ಎಚ್ಚರಗೊಳ್ಳದೆಯೇ ಪ್ರಾಣ ಕಳೆದುಕೊಳ್ಳಬಹುದು. ಉರಿಯಲು ಬೇಕಾದ ಗಾಳಿಯನ್ನು ಹೊರಗಿನಿಂದ ಪಡೆದು, ಹೊಗೆಯನ್ನು ಹೊರಕ್ಕೇ ಬಿಡುವ, ವಾಹನಗಳಿಗೆಂದೇ ತಯಾರಿಸಲಾದ ಮುಚ್ಚಿದ ಮಾದರಿಯ ಬಾಯ್ಲರ್ ಮಾತ್ರ ಸೂಕ್ತ. ಹೊಗೆ ಕೊಳವೆಯ ಬಾಯಿ ಕಿಟಕಿ ಹಾಗೂ ಗಾಳಿಕಿಂಡಿಗಳಿಂದ ದೂರವಿರಬೇಕು.

3. ಹಳೆಯ ವಾಹನದ ಪರಿಶೀಲನೆ

ಅ) ನೆಲದ ತಗಡು ಮತ್ತು ಚೌಕಟ್ಟು ತುಕ್ಕು ಹಿಡಿದಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು.

ಆ) ಬಾಯ್ಲರ್, ಸಿಲಿಂಡರ್ ಹಾಗೂ ನೀರು ಸೇರಿದ ಮೇಲೂ ಒಟ್ಟು ತೂಕವು ನೋಂದಾಯಿತ ಮಿತಿಯನ್ನು ಮೀರಬಾರದು. 10 ಲೀಟರ್ ನೀರಿನ ತೂಕವೇ 10 ಕಿ.ಗ್ರಾಂ. ಆಗುತ್ತದೆ.

ಇ) ಎಲ್.ಪಿ.ಜಿ. ಗಾಳಿಗಿಂತ ಭಾರವಾದುದರಿಂದ, ಸೋರಿದಾಗ ಕೆಳಗೆ ಸಂಗ್ರಹವಾಗುತ್ತದೆ. ಸಿಲಿಂಡರ್ ಇರಿಸುವ ಪೆಟ್ಟಿಗೆಯು ವಾಸದ ಭಾಗಕ್ಕೆ ತೆರೆದಿರಬಾರದು. ಅದರ ತಳದಲ್ಲಿ ಹೊರಕ್ಕೆ ತೆರೆಯುವ ಕಿಂಡಿ ಇರಬೇಕು.

ಈ) ರೆಗ್ಯುಲೇಟರ್‌ನ ಒತ್ತಡವು ಬಾಯ್ಲರ್ ಮೇಲೆ ನಮೂದಿಸಿರುವ ಒತ್ತಡಕ್ಕೆ ಸರಿಹೊಂದಬೇಕು. ಹಳೆಯ ರಬ್ಬರ್ ಕೊಳವೆಗಳನ್ನು ಬದಲಾಯಿಸಬೇಕು.

ಉ) ಬಿಸಿಗಾಳಿಯ ಪಂಖ ಬ್ಯಾಟರಿಯಿಂದ ನಡೆಯುವುದರಿಂದ ತಂತಿ ಹಾಗೂ ಫ್ಯೂಸ್‌ಗಳ ಸಾಮರ್ಥ್ಯವನ್ನು ಪರೀಕ್ಷಿಸಬೇಕು.

4. ಅನುಮತಿ ಮತ್ತು ನಮೂದು

ಅರ್ಜಿದಾರರು ನೋಂದಣಿ ಪತ್ರ, ವಿಮಾ ಪತ್ರ ಹಾಗೂ ಉಪಕರಣದ ತಾಂತ್ರಿಕ ವಿವರಗಳೊಂದಿಗೆ ತಮ್ಮ ವ್ಯಾಪ್ತಿಯ ಪ್ರಾದೇಶಿಕ ಸಾರಿಗೆ ಅಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಬಹುದು. ವಾಹನವು ಸಾಲದ ಕರಾರಿಗೆ ಒಳಪಟ್ಟಿದ್ದರೆ ಸಾಲ ನೀಡಿದವರ ಲಿಖಿತ ಒಪ್ಪಿಗೆ ಅವಶ್ಯಕ. ಅನುಮತಿಯಂತೆ ಮಾರ್ಪಾಡು ಪೂರ್ಣಗೊಂಡ 14 ದಿನಗಳೊಳಗೆ ನೋಂದಣಿ ಪ್ರಾಧಿಕಾರಕ್ಕೆ ವರದಿ ಮಾಡಿ, ನಿಗದಿತ ಶುಲ್ಕದೊಂದಿಗೆ ನೋಂದಣಿ ಪತ್ರವನ್ನು ಸಲ್ಲಿಸತಕ್ಕದ್ದು. ವಿಮಾ ಸಂಸ್ಥೆಗೂ ಲಿಖಿತವಾಗಿ ತಿಳಿಸಬೇಕು. ತಿಳಿಸದಿದ್ದಲ್ಲಿ ಪರಿಹಾರದ ಕ್ಲೇಮು ತಿರಸ್ಕೃತವಾಗುವ ಸಂಭವವಿರುತ್ತದೆ.

5. ಬಳಕೆಯಲ್ಲಿ ಎಚ್ಚರಿಕೆ

ಅಳವಡಿಕೆಯ ನಂತರ ಎಲ್ಲಾ ಜೋಡಣೆಗಳನ್ನು ಸಾಬೂನು ನೀರಿನಿಂದ ಪರೀಕ್ಷಿಸಬೇಕು. ಬೆಂಕಿಕಡ್ಡಿ ಹಚ್ಚಿ ನೋಡಕೂಡದು. ಮಲಗುವ ಸ್ಥಳದಲ್ಲಿ ಕಾರ್ಬನ್ ಮೊನಾಕ್ಸೈಡ್ ಎಚ್ಚರಿಕೆ ಯಂತ್ರವನ್ನೂ, ಬಾಗಿಲ ಬಳಿ ಅಗ್ನಿಶಾಮಕವನ್ನೂ ಇರಿಸಬೇಕು. ವಾಹನ ಚಲಿಸುವಾಗ ಹಾಗೂ ಇಂಧನ ತುಂಬಿಸುವಾಗ ಬಾಯ್ಲರ್ ಆರಿಸಿ, ಸಿಲಿಂಡರ್‌ನ ಕವಾಟವನ್ನು ಮುಚ್ಚಬೇಕು. ನೀರು ಹೆಪ್ಪುಗಟ್ಟುವ ಪ್ರದೇಶಗಳಲ್ಲಿ ಬಾಯ್ಲರ್ ಬಳಸದಿರುವಾಗ ಅದರ ನೀರನ್ನು ಪೂರ್ಣವಾಗಿ ಹೊರಬಿಡಬೇಕು. ಇಲ್ಲವಾದಲ್ಲಿ ತೊಟ್ಟಿ ಒಡೆಯುತ್ತದೆ. ತಲೆನೋವು, ತಲೆಸುತ್ತು ಅಥವಾ ವಾಕರಿಕೆ ಕಂಡುಬಂದಲ್ಲಿ ಎಲ್ಲರೂ ತಕ್ಷಣ ವಾಹನದಿಂದ ಹೊರಬಂದು, 112ಕ್ಕೆ ಕರೆ ಮಾಡಿ ವೈದ್ಯಕೀಯ ನೆರವು ಪಡೆಯತಕ್ಕದ್ದು.