ದಿನಸಿ ಅಂಗಡಿಯ ಹುಡುಗ, ತಟ್ಟೆ ನೋಡಿದ ಡಾಕ್ಟರ್

ಭಾಗ 1

ಜೋಸೆಫ್ ಗೋಲ್ಡ್‌ಬರ್ಗರ್. ಈ ಹೆಸರು ನೀವು ಕೇಳಿರೋ ಸಾಧ್ಯತೆ ಕಡಿಮೆ. ಹುಟ್ಟಿದ್ದು 1874ರಲ್ಲಿ, ಆಗಿನ ಹಂಗೇರಿಯ ಒಂದು ಹಳ್ಳಿಯಲ್ಲಿ. ಆ ಜಾಗ ಈಗ ಸ್ಲೊವಾಕಿಯಾದಲ್ಲಿದೆ. ಕುರಿ ಸಾಕುತ್ತಿದ್ದ ಯಹೂದಿ ಕುಟುಂಬ. 1883ರಲ್ಲಿ ಹಡಗು ಹತ್ತಿ ನ್ಯೂಯಾರ್ಕಿಗೆ ಬಂದ್ರು. ವಲಸೆ ಬಂದವರೇ ಕಿಕ್ಕಿರಿದಿದ್ದ ಲೋವರ್ ಈಸ್ಟ್ ಸೈಡ್‌ನಲ್ಲಿ ಅಪ್ಪ ಅಮ್ಮ ಒಂದು ಸಣ್ಣ ದಿನಸಿ ಅಂಗಡಿ ಇಟ್ರು. ಈ ಅಂಗಡಿ ನೆನಪಿರಲಿ.

ಹುಡುಗ ಸೇರಿದ್ದು ಎಂಜಿನಿಯರಿಂಗ್‌ಗೆ. ಒಂದಿನ ಗೆಳೆಯನ ಜೊತೆ ಬೆಲ್‌ವ್ಯೂ ಮೆಡಿಕಲ್ ಕಾಲೇಜಿನಲ್ಲಿ ಒಂದು ಉಪನ್ಯಾಸ ಕೇಳೋಕೆ ಹೋದ. ಅಷ್ಟೇ, ದಾರಿ ಬದಲಾಯ್ತು. 1895ರಲ್ಲಿ ಡಾಕ್ಟರ್ ಆದ್ರು. ಪೆನ್ಸಿಲ್ವೇನಿಯಾದ ಸಣ್ಣ ಊರಲ್ಲಿ ಸ್ವಂತ ಕ್ಲಿನಿಕ್ ಇಟ್ಟರು, ಬೇಜಾರಾಯ್ತು. 1899ರಲ್ಲಿ ಅಮೆರಿಕ ಸರ್ಕಾರದ ಸಾರ್ವಜನಿಕ ಆರೋಗ್ಯ ಸೇವೆಗೆ ಸೇರಿಕೊಂಡರು. ಮೊದಲ ಕೆಲಸ ಏನು ಗೊತ್ತಾ? ನ್ಯೂಯಾರ್ಕ್ ಬಂದರಿನಲ್ಲಿ ಹಡಗಿಂದ ಇಳಿಯುವ ವಲಸಿಗರ ಆರೋಗ್ಯ ತಪಾಸಣೆ. ಹದಿನಾರು ವರ್ಷದ ಹಿಂದೆ ತಾನೇ ಇಳಿದಿದ್ದ ಊರಲ್ಲಿ!

ಆಮೇಲೆ ಎಲ್ಲಿ ಸಾಂಕ್ರಾಮಿಕವೋ ಅಲ್ಲಿ ಇವರು. ಹಳದಿ ಜ್ವರದ ಕೆಲಸಕ್ಕೆ ಹೋಗಿ ಹಳದಿ ಜ್ವರ ಅಂಟಿಸಿಕೊಂಡರು. ಡೆಂಗಿ ಬಂತು. ಟೈಫಸ್ ಬಂದು ಸಾಯೋ ಹಂತಕ್ಕೆ ಹೋಗಿ ಉಳಿದರು. ರೋಗ ಯಾವ ದಾರಿಯಲ್ಲಿ ಬರುತ್ತೆ ಅಂತ ಹುಡುಕಿ ಆ ದಾರಿ ಮುಚ್ಚೋದು ಅವರ ಹುಚ್ಚು.

ಭಾಗ 2

1914. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಪೆಲಾಗ್ರಾ ಅನ್ನೋ ರೋಗ. ಮೊದಲು ಕೈ, ಕುತ್ತಿಗೆಯ ಚರ್ಮ ಬಿಸಿಲಿಗೆ ಸುಟ್ಟ ಹಾಗೆ ಕೆಂಪಾಗಿ ಸುಲಿಯುತ್ತೆ. ಆಮೇಲೆ ಭೇದಿ. ಆಮೇಲೆ ಬುದ್ಧಿಭ್ರಮಣೆ. ಕೊನೆಗೆ ಸಾವು. ಇಪ್ಪತ್ತನೇ ಶತಮಾನದ ಮೊದಲರ್ಧದಲ್ಲಿ ಆ ದೇಶದಲ್ಲಿ ಸುಮಾರು 30 ಲಕ್ಷ ಜನಕ್ಕೆ ಇದು ಬಂತು, ಸುಮಾರು 1 ಲಕ್ಷ ಜನ ಸತ್ತರು ಅನ್ನೋದು ಸಾಮಾನ್ಯವಾಗಿ ಕೊಡುವ ಅಂದಾಜು. ಹೆಚ್ಚಿನ ತಜ್ಞರು ಇದು ಅಂಟುರೋಗ ಅಂತಲೇ ನಂಬಿದ್ದರು. ರೋಗಾಣುಗಳ ಕಾಲ ಅದು, ಎಲ್ಲದಕ್ಕೂ ಒಂದು ಕ್ರಿಮಿ ಇರಲೇಬೇಕು.

ಗೋಲ್ಡ್‌ಬರ್ಗರ್ ಮಾನಸಿಕ ಆಸ್ಪತ್ರೆಗಳು, ಅನಾಥಾಲಯಗಳನ್ನ ಸುತ್ತಿದರು. ಒಳಗಿರೋ ರೋಗಿಗಳಿಗೆ ಪೆಲಾಗ್ರಾ ಇದೆ, ಅವರ ಜೊತೆಗೇ ಇರೋ ನರ್ಸ್‌ಗಳಿಗೆ ಇಲ್ಲ. ಅಂಟುರೋಗ ಆಗಿದ್ರೆ ಅದು ಹೇಗೆ ಆಳು ನೋಡಿ ಅಂಟುತ್ತೆ?

ಮಿಸಿಸಿಪ್ಪಿ ರಾಜ್ಯದ ಜಾಕ್ಸನ್‌ನ ಅನಾಥಾಲಯದಲ್ಲಿ ಇನ್ನೂ ವಿಚಿತ್ರ. ರೋಗ ಹೆಚ್ಚಾಗಿ 6ರಿಂದ 12 ವರ್ಷದ ಮಕ್ಕಳಿಗೆ ಮಾತ್ರ. ಅದಕ್ಕಿಂತ ಚಿಕ್ಕವರಿಗೆ ಇಲ್ಲ, ದೊಡ್ಡವರಿಗೂ ಇಲ್ಲ. ಯಾಕೆ? ಇಲ್ಲಿ ದಿನಸಿ ಅಂಗಡಿಯ ಹುಡುಗ ಎಚ್ಚರಾದ ಅಂತ ನನಗನ್ನಿಸುತ್ತೆ, ಯಾಕಂದ್ರೆ ಅವರು ನೋಡಿದ್ದು ತಟ್ಟೆಯನ್ನ. ಪುಟ್ಟ ಮಕ್ಕಳಿಗೆ ಹಾಲು ಕೊಡುತ್ತಿದ್ದರು. ದೊಡ್ಡ ಮಕ್ಕಳು ಹೊಲದಲ್ಲಿ ದುಡೀತಾರೆ ಅಂತ ಅವರಿಗೆ ಒಂದಿಷ್ಟು ಮಾಂಸ. ಮಧ್ಯದವರು ಹಾಲು ಕುಡಿಯೋ ವಯಸ್ಸು ದಾಟಿದವರು, ದುಡಿಯೋ ವಯಸ್ಸಿಗೆ ಬಾರದವರು. ಅವರಿಗೆ ಮೆಕ್ಕೆಜೋಳದ ಹಿಟ್ಟು, ಕಾಕಂಬಿ, ಗ್ರೇವಿ. ಅಷ್ಟೇ.

ಕೇಂದ್ರ ಸರ್ಕಾರದ ದುಡ್ಡಲ್ಲಿ ಹಾಲು, ಮೊಟ್ಟೆ, ಮಾಂಸ, ಕಾಳು ಕೊಡೋಕೆ ಶುರು ಮಾಡಿದರು. ಪೆಲಾಗ್ರಾ ಹೆಚ್ಚು ಕಡಿಮೆ ಮಾಯ. ಆಮೇಲೆ ದುಡ್ಡು ನಿಂತಿತು, ಹಳೇ ಊಟ ಬಂತು. ಹಿಂದೆಯೇ ಪೆಲಾಗ್ರಾನೂ ಬಂತು.

ಭಾಗ 3

ಇಷ್ಟಾದ್ರೂ ಜನ ನಂಬಲಿಲ್ಲ. ಆಗ ಅವರು ತಿರುಗಿಸಿ ಯೋಚಿಸಿದರು: ಊಟದಿಂದ ರೋಗ ಹೋಗುತ್ತೆ ಅಂದ್ರೆ ಊಟದಿಂದಲೇ ರೋಗ ತರಿಸಬಹುದಲ್ವಾ? 1915ರಲ್ಲಿ ಮಿಸಿಸಿಪ್ಪಿಯ ರ‍್ಯಾಂಕಿನ್ ಜೈಲು ಫಾರ್ಮ್‌ನಲ್ಲಿ 12 ಕೈದಿಗಳು ಒಪ್ಪಿದರು. ಪ್ರಯೋಗ ಮುಗಿದ ಮೇಲೆ ಬಿಡುಗಡೆ ಅಂತ ಗವರ್ನರ್ ಅರ್ಲ್ ಬ್ರೂವರ್ ಮಾತು ಕೊಟ್ಟಿದ್ದರು. ಬಡವರ ಊಟವನ್ನೇ ತಿಂಗಳುಗಟ್ಟಲೆ ಕೊಟ್ಟರು. ಕೊನೆವರೆಗೂ ಉಳಿದ 11 ಜನರಲ್ಲಿ 6 ಜನಕ್ಕೆ ಪೆಲಾಗ್ರಾ ಬಂತು.

ಇವತ್ತು ಯಾವ ನೈತಿಕ ಸಮಿತಿಯೂ ಇದಕ್ಕೆ ಸಹಿ ಹಾಕಲ್ಲ. ಬಿಡುಗಡೆಯ ಆಸೆ ತೋರಿಸಿ ಪಡೆದ ಒಪ್ಪಿಗೆ ಎಂಥ ಒಪ್ಪಿಗೆ? ಅವರನ್ನ ಎಷ್ಟು ಮೆಚ್ಚಿದರೂ ಈ ಪ್ರಶ್ನೆ ಬಿಟ್ಟು ಮುಂದೆ ಹೋಗೋಕಾಗಲ್ಲ.

ಆದ್ರೆ ಮರುವರ್ಷ ಅಪಾಯದ ಸರದಿ ತಮ್ಮದೇ ಅಂದುಕೊಂಡರು. ಅಂಟುರೋಗ ಅಲ್ಲ ಅಂತ ತೋರಿಸೋಕೆ ರೋಗಿಗಳ ರಕ್ತವನ್ನ ತಾವೇ ಚುಚ್ಚಿಸಿಕೊಂಡರು. ಸುಲಿದ ಚರ್ಮದ ಹೆಕ್ಕಳೆ, ಮಲ, ಮೂತ್ರವನ್ನ ಹಿಟ್ಟಲ್ಲಿ ಕಲಸಿ ಗುಳಿಗೆ ಮಾಡಿ ನುಂಗಿದರು. (ಊಟ ಮಾಡ್ತಾ ಓದ್ತಿರೋರು ಕ್ಷಮಿಸಿ.) ಒಟ್ಟು 16 ಜನ ಸ್ವಯಂಸೇವಕರು. ಅದರಲ್ಲಿ ಒಬ್ಬರು ಅವರ ಹೆಂಡತಿ ಮೇರಿ. ಗುಳಿಗೆ ನುಂಗೋಕೆ ಅವರನ್ನ ಬಿಡಲಿಲ್ಲ, ಆಕೆ ರೋಗಿಯ ರಕ್ತದ ಚುಚ್ಚುಮದ್ದು ತಗೊಂಡರು. ಯಾರಿಗೂ ಪೆಲಾಗ್ರಾ ಬರಲಿಲ್ಲ.

ಭಾಗ 4

ಇಲ್ಲಿಂದ ಕಥೆ ಲ್ಯಾಬ್ ಬಿಟ್ಟು ಬಜಾರಿಗೆ ಬರುತ್ತೆ. ಎಡ್ಗರ್ ಸೈಡೆನ್‌ಸ್ಟ್ರಿಕರ್ ಅನ್ನೋ ಅರ್ಥಶಾಸ್ತ್ರಜ್ಞರ ಜೊತೆ (ಇವರು ಕಾದಂಬರಿಕಾರ್ತಿ ಪರ್ಲ್ ಬಕ್ ಅವರ ಅಣ್ಣ) ಸೌತ್ ಕೆರೊಲಿನಾದ ಹತ್ತಿ ಗಿರಣಿ ಹಳ್ಳಿಗಳಲ್ಲಿ ಮನೆ ಮನೆಗೆ ಹೋಗಿ ಬರೆದುಕೊಂಡರು. ಸಂಬಳ ಎಷ್ಟು, ಏನು ಕೊಂಡ್ರಿ, ಹಸು ಇದೆಯಾ, ಹತ್ತಿರದಲ್ಲಿ ತರಕಾರಿ ಸಿಗುತ್ತಾ. ಆದಾಯ ಇಳಿದಂತೆ ಪೆಲಾಗ್ರಾ ಏರುತ್ತಿತ್ತು. ಸುತ್ತ ಎಲ್ಲ ಹತ್ತಿಯೇ ಬೆಳೆಯೋ ಊರಲ್ಲಿ ಕೈಯಲ್ಲಿ ಕಾಸಿದ್ರೂ ಹಾಲು, ಮಾಂಸ ಸಿಗೋದು ಕಷ್ಟ.

ಅಂದ್ರೆ ತಡೆಯೋ ದಾರಿ ಸಿಕ್ಕಿತ್ತು. ಆದ್ರೆ ಆ ದಾರಿ ಜಮೀನ್ದಾರನ ಹೊಲದ ಮಧ್ಯೆ ಹಾದುಹೋಗುತ್ತಿತ್ತು. ಹತ್ತಿ ಬೆಲೆ ಬಿದ್ದ ಮೇಲೆ, 1921ರಲ್ಲಿ ಪೆಲಾಗ್ರಾ ಹೆಚ್ಚುತ್ತೆ ಅಂತ ಎಚ್ಚರಿಕೆ ಬಂತು. ಅಧ್ಯಕ್ಷ ಹಾರ್ಡಿಂಗ್ ನೆರವಿನ ಮಾತಾಡಿದರು. ದಕ್ಷಿಣದ ರಾಜಕಾರಣಿಗಳು ಕೆರಳಿದರು. ನಮ್ಮಲ್ಲಿ ಹಸಿವಾ? ನಮ್ಮ ಮರ್ಯಾದೆ ಕಳೀತಿದ್ದೀರಿ ಅನ್ನೋ ಧಾಟಿ. ಈ ಧಾಟಿ ನಿಮಗೆ ಹೊಸದೇನಲ್ಲ ಬಿಡಿ.

ಗೋಲ್ಡ್‌ಬರ್ಗರ್ ಅಗ್ಗದ ದಾರಿ ಹುಡುಕತೊಡಗಿದರು. ನಾಯಿಗಳ ಮೇಲಿನ ಪ್ರಯೋಗದಲ್ಲಿ ಬ್ರೂವರ್ಸ್ ಯೀಸ್ಟ್ ಕೆಲಸ ಮಾಡುತ್ತೆ ಅಂತ ಕಂಡಿತು. 1927ರಲ್ಲಿ ಮಿಸಿಸಿಪ್ಪಿ ನದಿ ಉಕ್ಕಿ ಲಕ್ಷಾಂತರ ಜನ ಬೀದಿಗೆ ಬಿದ್ದಾಗ ರೆಡ್ ಕ್ರಾಸ್ ಅದನ್ನ ಹಂಚಿತು.

1929ರ ಜನವರಿಯಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡಾಗ ಅವರಿಗೆ 54 ವರ್ಷ. ತಟ್ಟೆಯಲ್ಲಿ ಇಲ್ಲದ ಆ ವಸ್ತು ಯಾವುದು ಅಂತ ಅವರಿಗೆ ಕೊನೆಗೂ ತಿಳಿಯಲಿಲ್ಲ. 1937ರಲ್ಲಿ ವಿಸ್ಕಾನ್ಸಿನ್‌ನ ಕಾನ್ರಾಡ್ ಎಲ್ವಿಹೆಮ್ ಕಂಡುಹಿಡಿದರು: ನಯಾಸಿನ್, ಬಿ ಗುಂಪಿನ ಒಂದು ವಿಟಮಿನ್. ಮೆಕ್ಕೆಜೋಳದಲ್ಲಿ ಅದು ಇದೆ, ಆದ್ರೆ ದೇಹಕ್ಕೆ ಸಿಗದ ಹಾಗೆ ಬೀಗ ಹಾಕಿಕೊಂಡಿದೆ. ಮೆಕ್ಸಿಕೋದ ಹೆಂಗಸರು ಸಾವಿರಾರು ವರ್ಷದಿಂದ ಕಾಳನ್ನ ಸುಣ್ಣದ ನೀರಲ್ಲಿ ಬೇಯಿಸಿ ಆ ಬೀಗ ತೆಗೀತಿದ್ರು. ಬೆಳೆ ಸಮುದ್ರ ದಾಟಿತು, ಅಡುಗೆ ದಾಟಲಿಲ್ಲ.

ನಮ್ಮ ಕಡೆ? ದಖ್ಖನ್ ಪ್ರಸ್ಥಭೂಮಿಯಲ್ಲೂ ಪೆಲಾಗ್ರಾ ಇತ್ತು, ಇಲ್ಲಿ ಮೆಕ್ಕೆಜೋಳ ಅಲ್ಲ, ನಮ್ಮ ಬಿಳಿಜೋಳದ ಜೊತೆ. 1960ರಲ್ಲಿ ಡಾ. ಸಿ. ಗೋಪಾಲನ್ ಮತ್ತು ಎಸ್. ಜಿ. ಶ್ರೀಕಾಂತಿಯ ಜೋಳದಲ್ಲಿ ಹೆಚ್ಚಿರುವ ಲ್ಯೂಸಿನ್ ಕಾರಣ ಇರಬಹುದು ಅಂದ್ರು. ಅದರ ಬಗ್ಗೆ ವಾದ ಬೇಕಾದಷ್ಟು ನಡೆದಿದೆ. ರೊಟ್ಟಿ ಜೊತೆ ಕಾಳುಪಲ್ಯ, ಶೇಂಗಾ ಹಿಂಡಿ, ಮೊಸರು ಇದ್ದ ಮನೆಗೆ ಈ ರೋಗದ ಭಯ ಇರಲಿಲ್ಲ. ಅದು ಬರುತ್ತಿದ್ದದ್ದು ರೊಟ್ಟಿ ಬಿಟ್ರೆ ಹೆಚ್ಚೇನೂ ಇಲ್ಲದ ಕೂಲಿಯವರಿಗೆ.

#ಇತಿಹಾಸ #ಪೆಲಾಗ್ರಾ #ಗೋಲ್ಡ್‌ಬರ್ಗರ್ #ಕನ್ನಡದಲ್ಲಿಓದಿ