ಬನವಾಸಿಯ ನಾಗಶಿಲೆಯೂ ಮಳವಳ್ಳಿಯ ಕಂಬವೂ: ಒಂದು ಕಲ್ಪಿತ ವಂಶಾವಳಿಯ ಪರಿಶೀಲನೆ

ಕದಂಬರಿಗೆ ಮುನ್ನ ಬನವಾಸಿಯನ್ನು ಆಳಿದ ಚುಟುಕುಲದ ಅರಸರದೆಂದು ಇಂದಿಗೂ ಕೈಪಿಡಿಗಳಲ್ಲಿ ಅಚ್ಚಾಗುತ್ತಿರುವ ವಂಶಾವಳಿಯು ಬಹುಮಟ್ಟಿಗೆ ಇ. ಜೆ. ರ‍್ಯಾಪ್ಸನ್ ಅವರು 1908ರಲ್ಲಿ ಪ್ರಕಟಿಸಿದ ಆಂಧ್ರ ಮತ್ತು ಪಶ್ಚಿಮ ಕ್ಷತ್ರಪ ನಾಣ್ಯಗಳ ಸೂಚಿಯ ಪೀಠಿಕೆಯಿಂದ ಬಂದದ್ದು. ಹಾರಿತೀಪುತ್ರ ವಿಣ್ಹುಕಡ ಚುಟುಕುಲಾನಂದ ಸಾತಕರ್ಣಿ, ಅವನ ಮಗಳು, ಅವಳನ್ನು ಮದುವೆಯಾದ ಒಬ್ಬ ಮಹಾರಠಿ (ಸಾಮಂತ), ಆ ದಂಪತಿಗಳ ಮಗನಾಗಿ ತಾಯಿಯ ತಂದೆಯ ಪಟ್ಟಕ್ಕೆ ಬಂದ ಶಿವಸ್ಕಂದವರ್ಮ, ಆಮೇಲೆ ಕದಂಬರು ಎಂಬ ಈ ಸಾಲು ನೋಡುವುದಕ್ಕೆ ಅಚ್ಚುಕಟ್ಟಾಗಿದೆ. ಆದರೆ ಇದಕ್ಕೆ ಆಧಾರವೆಂದು ತೋರಿಸುವ ಮೂರು ಶಾಸನಗಳಲ್ಲಿ ಯಾವುದೂ ವಂಶಾವಳಿಯನ್ನು ಹೇಳಲು ಹುಟ್ಟಿದ್ದಲ್ಲ, ಮೂರೂ ದಾನಶಾಸನಗಳು. ದಾನವನ್ನು ಬದಿಗಿಟ್ಟು ಹೆಸರುಗಳನ್ನಷ್ಟೇ ಹೆಕ್ಕಿಕೊಂಡದ್ದರಿಂದ ರಾಜಕೀಯ ಇತಿಹಾಸ ತಪ್ಪಿದ್ದಲ್ಲದೆ, ವೈಜಯಂತಿಯೆಂದೂ ಹೆಸರಾಗಿದ್ದ ಆ ರಾಜಧಾನಿಯ ಧಾರ್ಮಿಕ ಬದುಕಿನ ಚಿತ್ರವೂ ಮಸುಕಾಯಿತು.

ಈ ಗೊಂದಲಕ್ಕೆ ಆಡಳಿತದ ಗಡಿಯೂ ಒಂದು ಕಾರಣವೆಂಬುದನ್ನು ಸಾಮಾನ್ಯವಾಗಿ ಯಾರೂ ಗಮನಿಸುವುದಿಲ್ಲ. ಉತ್ತರ ಕನ್ನಡವು 1862ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿದ್ದರಿಂದ ಬನವಾಸಿ ಊರು ಮೈಸೂರು ಸಂಸ್ಥಾನದ ಹೊರಗೆ ಉಳಿಯಿತು. ಅಲ್ಲಿನ ನಾಗಶಿಲೆಯ ಬರಹವನ್ನು ಬ್ಯೂಲರ್ 1885ರಲ್ಲಿ ಇಂಡಿಯನ್ ಆ್ಯಂಟಿಕ್ವರಿಯಲ್ಲಿ ಓದಿ ಪ್ರಕಟಿಸಿದರು. ಅದೇ ರಾಜಧಾನಿಯಿಂದ ಹೊರಟ ಆಜ್ಞೆಗಳನ್ನು ಹೊತ್ತ ಮಳವಳ್ಳಿಯ ಕಂಬವೂ ತಾಳಗುಂದದ ಕಂಬವೂ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನಲ್ಲಿ ಇದ್ದುದರಿಂದ ಬಿ. ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕದ ಏಳನೆಯ ಸಂಪುಟದಲ್ಲಿ, 1902ರಲ್ಲಿ, ಬೆಳಕು ಕಂಡವು. (ಈ ಮಳವಳ್ಳಿಯನ್ನು ಮಂಡ್ಯ ಜಿಲ್ಲೆಯ ಮಳವಳ್ಳಿಯೆಂದು ಭ್ರಮಿಸಿದ ಬರಹಗಳೂ ಇವೆ, ಅವುಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ.) ಒಂದೇ ನಾಡಿನ ಕಲ್ಲುಗಳು ಎರಡು ಪ್ರಾಂತಗಳ ಎರಡು ಗ್ರಂಥಮಾಲೆಗಳಲ್ಲಿ ಬೇರೆಬೇರೆಯಾಗಿ ಪ್ರಕಟವಾಗಿ, ಅವನ್ನು ಜೋಡಿಸುವ ಕೆಲಸ ನಾಣ್ಯಶಾಸ್ತ್ರಜ್ಞರ ಪಾಲಿಗೆ ಬಂದಿತು. ನಾಣ್ಯಶಾಸ್ತ್ರಜ್ಞರಿಗೆ ಬೇಕಾಗುವುದು ಅರಸರ ಹೆಸರುಗಳ ಅನುಕ್ರಮ.

ಮೊದಲು ನಾಗಶಿಲೆ. ಇಂದು ಮಧುಕೇಶ್ವರ ದೇವಾಲಯದ ಆವರಣದಲ್ಲಿರುವ ಈ ಕಲ್ಲಿನ ಮೇಲೆ ಐದು ಹೆಡೆಯ ನಾಗವನ್ನು ಕಡೆದಿದ್ದು, ಅದರ ಎರಡು ಅಂಚುಗಳ ಉದ್ದಕ್ಕೂ ಪ್ರಾಕೃತದಲ್ಲಿ ಬರಹವಿದೆ. ಹಾರಿತೀಪುತ್ರ ವಿಣ್ಹುಕಡ ಚುಟುಕುಲಾನಂದ ಸಾತಕರ್ಣಿಯ ಆಳ್ವಿಕೆಯ 12ನೆಯ ವರ್ಷದ ಹೇಮಂತದಲ್ಲಿ ಮಹಾರಾಜನ ಮಗಳೊಬ್ಬಳು ನಾಗ, ತಡಾಗ ಮತ್ತು ವಿಹಾರ ಈ ಮೂರನ್ನು ದೇಯಧರ್ಮವಾಗಿ, ಅಂದರೆ ಪುಣ್ಯಾರ್ಥವಾಗಿ ಕೊಡುವ ವಸ್ತುವಾಗಿ, ಅರ್ಪಿಸಿದಳೆಂದು ಅದು ತಿಳಿಸುತ್ತದೆ. ಕೆಲಸದ ಮೇಲ್ವಿಚಾರಣೆ ನೋಡಿಕೊಂಡ ಅಮಾತ್ಯನ ಹೆಸರು ಖದಸಾತಿ; ನಾಗವನ್ನು ಕಡೆದವನು ದಾಮೋರಕನೆಂಬ ಆಚಾರ್ಯನ ಶಿಷ್ಯ ನಟಕ. ಕರ್ನಾಟಕದಲ್ಲಿ ಶಿಲ್ಪಿಯ ಹೆಸರನ್ನೂ ಅವನ ಗುರುವಿನ ಹೆಸರನ್ನೂ ಒಟ್ಟಿಗೆ ಹೇಳುವ ಬಹಳ ಹಳೆಯ ಸಾಕ್ಷ್ಯಗಳಲ್ಲಿ ಇದೊಂದು. ವಂಶಾವಳಿಯ ಭರಾಟೆಯಲ್ಲಿ ನಟಕನಿಗೆ ಸಿಕ್ಕಬೇಕಾದ ಜಾಗ ಸಿಕ್ಕಿಲ್ಲ.

ವಿವಾದವಿರುವುದು ದಾನಿಯ ಹೆಸರಿನಲ್ಲಿ. ಶಾಸನವು ಅವಳನ್ನು ಮಹಾರಾಜನ ಬಾಲಿಕೆ, ಜೀವಪುತ್ರೆ (ಮಗ ಬದುಕಿರುವವಳು), ಕುಮಾರಸಹಿತೆ ಎಂದು ವರ್ಣಿಸಿ, ಕೊನೆಗೆ ‘ಸಿವಖದನಾಗಸಿರಿಯ’ ಎಂಬ ಪದವನ್ನಿಡುತ್ತದೆ. ರ‍್ಯಾಪ್ಸನ್ ಅವರ ಅಭಿಪ್ರಾಯದಲ್ಲಿ ಈ ಕೊನೆಯ ಪದ ರಾಜಕುಮಾರಿಯದಲ್ಲ, ಅವಳ ಜೊತೆಗಿದ್ದ ಕುಮಾರನ ಹೆಸರು. ರಾಜಕುಮಾರಿಯ ಹೆಸರು ಇಲ್ಲಿ ಬಂದೇ ಇಲ್ಲ. ಆ ಖಾಲಿ ಜಾಗವನ್ನು ತುಂಬಲು ಅವರು ಕನ್ಹೇರಿ ಗುಹೆಗಳ ಹಾಳಾದ ಶಾಸನವೊಂದಕ್ಕೆ ಹೋದರು. ಅಲ್ಲಿ ಮಹಾರಾಜನ ಮಗಳೂ ಮಹಾರಠಿಯ ಹೆಂಡತಿಯೂ ಖಂದನಾಗ ಸಾತಕನ ತಾಯಿಯೂ ಆದ ನಾಗಮೂಲನಿಕೆ ಎಂಬವಳಿದ್ದಾಳೆ. ಖಂದನಾಗನೂ ಸಿವಖದನಾಗನೂ ಒಬ್ಬನೇ ಎಂದುಕೊಂಡರೆ ಬನವಾಸಿಯ ಹೆಸರಿಲ್ಲದ ರಾಜಕುಮಾರಿ ನಾಗಮೂಲನಿಕೆಯಾಗುತ್ತಾಳೆ. ಮಳವಳ್ಳಿಯ ಕಂಬದಲ್ಲಿ ಬರುವ ಸಿವಖದವಮ್ಮ, ಎಂದರೆ ಶಿವಸ್ಕಂದವರ್ಮ, ಅವಳ ಮಗನಾಗಿ ಪಟ್ಟಕ್ಕೇರುತ್ತಾನೆ.

ಈ ಸರಪಳಿಯ ಮೊದಲ ಕೊಂಡಿಯೇ ಗಟ್ಟಿಯಿಲ್ಲ. ಪ್ರಾಕೃತದಲ್ಲಿ ಗಂಡಸಿನ ಹೆಸರಿನ ಷಷ್ಠೀ ವಿಭಕ್ತಿ ‘ಸ’ಕಾರದಲ್ಲಿ ಮುಗಿಯಬೇಕು, ಇದೇ ಕಲ್ಲಿನಲ್ಲಿ ಅರಸನ ಹೆಸರು ಹಾಗೆಯೇ ಮುಗಿದಿದೆ. ‘ಸಿರಿಯ’ ಎಂಬ ಅಂತ್ಯ ಹೆಣ್ಣಿನದು, ಅದರ ಹಿಂದಿರುವ ‘ಬಾಲಿಕಾಯ’, ‘ಜೀವಪುತಾಯ’ ಎಂಬ ವಿಶೇಷಣಗಳ ಅಂತ್ಯದೊಂದಿಗೆ ಹೊಂದುವಂಥದು. ಆದ್ದರಿಂದ ನಾಗವನ್ನೂ ತಡಾಗವನ್ನೂ ವಿಹಾರವನ್ನೂ ಕೊಟ್ಟವಳ ಹೆಸರು ಶಿವಸ್ಕಂದನಾಗಶ್ರೀ, ಅಷ್ಟೆ. ಡಿ. ಸಿ. ಸರ್ಕಾರ್ ಅವರು 1939ರಲ್ಲಿ ಸಾತವಾಹನರ ಉತ್ತರಾಧಿಕಾರಿಗಳನ್ನು ಕುರಿತ ತಮ್ಮ ಗ್ರಂಥದಲ್ಲಿ ಈ ಹೆಸರನ್ನು ರಾಜಕುಮಾರಿಗೇ ಸಲ್ಲಿಸಿದ್ದಾರೆ. ಇಷ್ಟಾದ ಮೇಲೂ ಹಳೆಯ ವಂಶವೃಕ್ಷವನ್ನು ಎತ್ತಿ ಬರೆಯುವವರು ಸರ್ಕಾರ್ ಅವರನ್ನು ಓದಿಲ್ಲವೆಂದೋ, ಓದಿಯೂ ಬದಿಗಿರಿಸಿದ್ದಾರೆಂದೋ ತಿಳಿಯಬೇಕಾಗುತ್ತದೆ. ದಾನಿಯ ಹೆಸರು ದೊರೆತ ಕೂಡಲೇ ಕನ್ಹೇರಿಯ ನಾಗಮೂಲನಿಕೆಗೆ ಬನವಾಸಿಯಲ್ಲಿ ಕೆಲಸವಿಲ್ಲ, ಅವಳ ಮಗನಿಗೂ ಇಲ್ಲ.

ಹೆಸರುಗಳ ಹೋಲಿಕೆಯನ್ನು ಆಧಾರವಾಗಿ ಹಿಡಿಯುವುದೂ ಸಲ್ಲ. ಶಿವ, ಸ್ಕಂದ, ನಾಗ ಎಂಬ ಅಂಗಗಳಿಂದ ಕೂಡಿದ ಹೆಸರುಗಳು ಆ ಕಾಲದ ದಖ್ಖನಿನಲ್ಲಿ ಬೇಕಾದಷ್ಟು ಬಳಕೆಯಲ್ಲಿದ್ದವು; ಹಿರೇಹಡಗಲಿಯ ಪ್ರಾಕೃತ ತಾಮ್ರಪಟದ ಪಲ್ಲವ ದೊರೆಯ ಹೆಸರೂ ಶಿವಸ್ಕಂದವರ್ಮನೇ. ಒಂದೇ ಹೆಸರಿನ ಇಬ್ಬರು ಒಬ್ಬನೇ ಆಗಬೇಕಿಲ್ಲವಾದರೆ, ಹೆಸರಿನ ಒಂದು ಭಾಗವಷ್ಟೇ ಹೋಲುವವರು ತಾಯಿಮಕ್ಕಳಾಗಬೇಕಾದ ಅಗತ್ಯವಂತೂ ಇಲ್ಲ.

ಮಳವಳ್ಳಿಯ ಕಂಬದ ಮೇಲೆ ಎರಡು ಶಾಸನಗಳಿವೆ. ರೈಸ್ ಅವರ ಎಣಿಕೆಯಲ್ಲಿ ಅವು ಶಿಕಾರಿಪುರ 263 ಮತ್ತು 264. ಮೊದಲನೆಯದರಲ್ಲಿ ಮಾನವ್ಯಸಗೋತ್ರದ, ಹಾರಿತೀಪುತ್ರನಾದ, ವೈಜಯಂತೀಪುರದ ರಾಜ ವಿಣ್ಹುಕಡ್ಡ ಚುಟುಕುಲಾನಂದ ಸಾತಕರ್ಣಿಯು ಮಳಪಳಿದೇವನ ದೇವಭೋಗಕ್ಕೆ, ಎಂದರೆ ಆ ದೇವರ ಸೇವೆಯ ವೆಚ್ಚಕ್ಕೆ, ಬಿಟ್ಟ ದಾನದ ಆಜ್ಞೆಯನ್ನು ರಜ್ಜುಕನಿಗೆ, ಎಂದರೆ ಭೂಮಿ ಕಂದಾಯಗಳನ್ನು ನೋಡಿಕೊಳ್ಳುವ ಅಧಿಕಾರಿಗೆ, ಹೊರಡಿಸಿದ್ದಾನೆ. ಇವನೂ ನಾಗಶಿಲೆಯ ಅರಸನೂ ಒಬ್ಬನೇ ಎಂಬುದು ಹಳೆಯ ಮತ. ಆದರೆ ನಾಗಶಿಲೆಯು ಒತ್ತಕ್ಷರಗಳಿಲ್ಲದೆ ಹಳೆಯ ರೂಢಿಯಲ್ಲಿ ಬರೆದದ್ದು. ಮಳವಳ್ಳಿಯ ಪ್ರಾಕೃತದಲ್ಲಿ ಒತ್ತಕ್ಷರಗಳು ಮೂಡಿದ್ದು, ಅದು ಒಂದೆರಡು ತಲೆಮಾರು ಈಚಿನ ರೂಢಿಯಂತೆ ಕಾಣುತ್ತದೆ. ಮೊಮ್ಮಗನಿಗೆ ಅಜ್ಜನ ಹೆಸರಿಡುವ ವಾಡಿಕೆ ಇರುವ ನಾಡಿನಲ್ಲಿ ಇಬ್ಬರು ವಿಣ್ಹುಕಡರನ್ನು ಒಪ್ಪುವುದು ಕಷ್ಟವಾಗಬಾರದು.

ಎರಡನೆಯ ಶಾಸನವೂ ಪ್ರಾಕೃತದ್ದೇ. ಕದಂಬರ ರಾಜನೊಬ್ಬ ಅದೇ ಮಳಪಳಿದೇವನ ದೇವಭೋಗಕ್ಕಾಗಿ, ಹಿಂದೆ ಕೊಟ್ಟಿದ್ದನ್ನು ತಿಳಿದು ಸಂತುಷ್ಟ ಮನಸ್ಸಿನಿಂದ ಮತ್ತೆ ಕೊಟ್ಟಿದ್ದಾನೆ. ಪಡೆದವನು ಕೊಂಡಮಾನ ಕುಲದ ನಾಗದತ್ತ. ‘ಕದಂಬಾಣಂ ರಾಜಾ’ ಎಂಬುದರ ಬೆನ್ನಿಗೇ ‘ಸಿವಖದವಮ್ಮಣಾ’ ಎಂಬ ಹೆಸರು ಬರುವುದರಿಂದ ಶಿವಸ್ಕಂದವರ್ಮನೆಂಬ ಕದಂಬ ದೊರೆಯೊಬ್ಬ ಕೆಲವು ಬರಹಗಳಲ್ಲಿ ಹುಟ್ಟಿಕೊಂಡ. ತಾಳಗುಂದದ ಕಂಬವಾಗಲಿ, ಕದಂಬರ ಯಾವುದೇ ತಾಮ್ರಪಟವಾಗಲಿ ಇಂಥವನನ್ನು ಅರಿಯದು. ವ್ಯಾಕರಣವೂ ಇದನ್ನು ಒಪ್ಪುವುದಿಲ್ಲ: ‘ರಾಜಾ’ ಎಂಬುದು ಕರ್ತೃ, ಪ್ರಥಮಾ ವಿಭಕ್ತಿಯಲ್ಲಿದೆ, ‘ಸಿವಖದವಮ್ಮಣಾ’ ಎಂಬುದು ತೃತೀಯೆ, ಅದರ ಮುಂದಿನ ಮಾನವ್ಯಸಗೋತ್ರ, ಹಾರಿತೀಪುತ್ರ, ವೈಜಯಂತೀಪತಿ ಎಂಬ ವಿಶೇಷಣಗಳೂ ತೃತೀಯೆಯಲ್ಲೇ ಇದ್ದು, ಅವೆಲ್ಲ ‘ಹಿಂದೆ ಕೊಡಲ್ಪಟ್ಟ’ ಎಂಬುದಕ್ಕೆ ಸೇರುತ್ತವೆ. ಅಂದರೆ ಶಿವಸ್ಕಂದವರ್ಮನು ಮೊದಲು ಕೊಟ್ಟವನು, ಕದಂಬ ರಾಜನು ಆಮೇಲೆ ಕೊಟ್ಟವನು. ಈ ಭಾಗದಲ್ಲಿ ರ‍್ಯಾಪ್ಸನ್ ಸರಿಯಾಗಿಯೇ ಕಂಡಿದ್ದರು. ನಾಗಶಿಲೆಯ ವಿಭಕ್ತಿಯನ್ನೂ ಇಷ್ಟೇ ಕಟ್ಟುನಿಟ್ಟಾಗಿ ಗಮನಿಸಿದ್ದರೆ ವಂಶವೃಕ್ಷ ಬೆಳೆಯುತ್ತಿರಲಿಲ್ಲ.

ಮಾನವ್ಯಸಗೋತ್ರ, ಹಾರಿತೀಪುತ್ರ ಎಂಬುವು ಕದಂಬರ ಬಿರುದುಗಳಲ್ಲವೇ ಎಂಬ ಆಕ್ಷೇಪ ಇಲ್ಲಿ ಸಹಜ. ಕದಂಬರು ತಮ್ಮ ತಾಮ್ರಪಟಗಳಲ್ಲಿ ಇವನ್ನು ಹೇಳಿಕೊಂಡಿದ್ದಾರೆ, ಬಾದಾಮಿಯ ಚಾಲುಕ್ಯರೂ ಮುಂದೆ ಹೇಳಿಕೊಂಡರು. ಆದರೆ ಇದೇ ಕಂಬದ ಮೊದಲ ಶಾಸನದಲ್ಲಿ ಚುಟುಕುಲದ ಸಾತಕರ್ಣಿಗೂ ಅವೇ ವಿಶೇಷಣಗಳಿವೆ. ಮೂರು ಮನೆತನಗಳಿಗೆ ಸಲ್ಲುವ ಬಿರುದು ಒಂದು ಮನೆತನವನ್ನು ಗುರುತಿಸಲಾರದು. ಅದು ಪಟ್ಟದ ಜೊತೆಗೆ, ಬಹುಶಃ ವೈಜಯಂತಿಯ ಒಡೆತನದ ಜೊತೆಗೆ, ಕೈಯಿಂದ ಕೈಗೆ ಬಂದದ್ದೆಂದು ಭಾವಿಸುವುದು ಹೆಚ್ಚು ಸಮಂಜಸ.

ಹೀಗೆ ವಂಶಾವಳಿ ಕಳಚಿದರೆ ಉಳಿಯುವುದು ಸಣ್ಣ ಸಂಗತಿಯಲ್ಲ. ಒಂದೇ ಕಂಬ, ಒಬ್ಬನೇ ದೇವರು, ಎರಡು ರಾಜವಂಶಗಳು. ಹಿಂದಿನವರು ಬಿಟ್ಟ ದೇವಭೋಗವನ್ನು ಗೆದ್ದು ಬಂದವರು ಅಳಿಸಲಿಲ್ಲ, ಕೊಟ್ಟವನ ಹೆಸರನ್ನು ಬಿರುದು ಸಮೇತ ಬರೆಸಿ ಮುಂದುವರಿಸಿದರು. ಚುಟುಗಳ ಕಾಲದಲ್ಲಿ ಬೌದ್ಧವಾಗಿದ್ದ ಬನವಾಸಿಯನ್ನು ಬ್ರಾಹ್ಮಣ ಕದಂಬರು ಬಂದು ವೈದಿಕವಾಗಿಸಿದರೆಂಬ ಜನಪ್ರಿಯ ಕಥನಕ್ಕೆ ಈ ಕಂಬದಲ್ಲಿ ಎಡೆಯಿಲ್ಲ. ತಾಳಗುಂದದ ಕಂಬವೂ ಇದನ್ನೇ ಬೇರೆ ರೀತಿಯಲ್ಲಿ ಹೇಳುತ್ತದೆ: ಸಾತಕರ್ಣಿ ಮೊದಲಾದ ಅರಸರು ಪೂಜಿಸಿದ ಮಹಾದೇವನ ಗುಡಿಯೆಂದೇ ಕದಂಬರ ಕವಿ ಕುಬ್ಜನು ಆ ಸ್ಥಾನದ ಹಿರಿಮೆಯನ್ನು ಹೇಳಿದ್ದಾನೆ.

ಬೌದ್ಧರು ಇರಲಿಲ್ಲವೆಂದು ಇದರ ಅರ್ಥವಲ್ಲ. ಮಹಾವಂಶವು ಅಶೋಕನ ಕಾಲದಲ್ಲಿ ರಕ್ಖಿತ ಥೇರನನ್ನು ವನವಾಸಕ್ಕೆ ಕಳುಹಿಸಿದ್ದನ್ನು ಹೇಳುತ್ತದೆ; ಕಾರ್ಲೆಯ ಮಹಾಚೈತ್ಯವನ್ನು ಪೂರ್ಣಗೊಳಿಸಿದ ಶ್ರೇಷ್ಠಿ ಭೂತಪಾಲ ವೈಜಯಂತಿಯವನು. ನಾಗಾರ್ಜುನಕೊಂಡದ ಸಾಕ್ಷ್ಯ ಇನ್ನೂ ಹತ್ತಿರದ್ದು: ಇಕ್ಷ್ವಾಕು ವೀರಪುರುಷದತ್ತನ ಮಗಳೂ ವನವಾಸದ ಮಹಾರಾಜನ ಮಹಾದೇವಿಯೂ ಆದ ಕೊಡಬಲಸಿರಿ ಅಲ್ಲಿ ಮಹೀಶಾಸಕ ಪಂಥದ ಆಚಾರ್ಯರಿಗೆ ವಿಹಾರ ಕಟ್ಟಿಸಿದಳು. ಅವಳ ಅಜ್ಜ ಚಾಂತಮೂಲನಾದರೋ ಅಶ್ವಮೇಧ ಮಾಡಿದವನು, ಮಹಾಸೇನನ (ಸ್ಕಂದನ) ಅನುಗ್ರಹ ಪಡೆದವನೆಂದು ಹೇಳಿಕೊಂಡವನು. ಗಂಡಸರು ಯಜ್ಞ ಮಾಡುತ್ತ ಸ್ಕಂದನನ್ನು ನೆನೆಯುವುದು, ಅದೇ ಅರಮನೆಯ ಹೆಂಗಸರು ವಿಹಾರಗಳಿಗೆ ಕೊಡುವುದು ಆ ಕಾಲದ ರೂಢಿ. ಬನವಾಸಿಯ ಶಿವಸ್ಕಂದನಾಗಶ್ರೀ ಈ ರೂಢಿಗೆ ಸೇರಿದವಳು. ಶೈವ ಹೆಸರನ್ನು ಹೊತ್ತು ನಾಗನನ್ನು ನಿಲ್ಲಿಸಿ ವಿಹಾರವನ್ನು ಕೊಟ್ಟವಳನ್ನು ಯಾವ ಮತದ ಪಟ್ಟಿಗೆ ಸೇರಿಸಬೇಕೆಂದು ಚರ್ಚಿಸುವುದು ಅವಳಿಗಿಲ್ಲದ ತೊಡಕನ್ನು ಅವಳಿಗೆ ಕಟ್ಟಿದಂತೆ. ಕದಂಬರ ಕಾಲಕ್ಕೂ ಇದು ನಿಲ್ಲಲಿಲ್ಲ: ಮೃಗೇಶವರ್ಮನ ದೇವಗಿರಿ ತಾಮ್ರಪಟವು ಒಂದೇ ಗ್ರಾಮವನ್ನು ಅರ್ಹಂತನ ಆಲಯಕ್ಕೂ ಶ್ವೇತಪಟ ಸಂಘಕ್ಕೂ ನಿರ್ಗ್ರಂಥ ಸಂಘಕ್ಕೂ ಹಂಚುತ್ತದೆ.

ಮೂರು ದೇಯಧರ್ಮಗಳಲ್ಲಿ ನಡುವಿನದಾದ ತಡಾಗಕ್ಕೆ ವಿದ್ವಾಂಸರು ಗಮನ ಕೊಟ್ಟಿದ್ದು ಕಡಿಮೆ. ಕೆರೆ ಕಟ್ಟಿಸಿ ನಾಗನನ್ನು ನಿಲ್ಲಿಸುವುದು ಮಲೆನಾಡಿನ ಅಂಚಿನ ಈ ಸೀಮೆಯಲ್ಲಿ ಇಂದಿಗೂ ಅಪರಿಚಿತವಲ್ಲ. ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯ ಬಂಡೆಶಾಸನವೂ ಮೂಲತಃ ಕದಂಬ ಮನೆತನದ ಸ್ಥಾಪಕ ಮಯೂರಶರ್ಮನ ಕೆರೆಯ ಶಾಸನ, ಎಂ. ಎಚ್. ಕೃಷ್ಣ ಅವರು ಮೈಸೂರು ಪುರಾತತ್ತ್ವ ಇಲಾಖೆಯ 1929ರ ವರದಿಯಲ್ಲಿ ಅದರಿಂದ ತ್ರೈಕೂಟ, ಆಭೀರ, ಪಲ್ಲವ, ಶಕಸ್ಥಾನ, ಮೌಖರಿಗಳವರೆಗಿನ ದಿಗ್ವಿಜಯವೊಂದನ್ನು ಓದಿದರು. ಆ ಓದು ಪ್ರಶ್ನೆಗೊಳಗಾಗಿ ಬಿ. ರಾಜಶೇಖರಪ್ಪ ಅವರು ಅದನ್ನು ಪುನರ್ವಿಮರ್ಶಿಸಿದ್ದರೂ ದಿಗ್ವಿಜಯದ ಪಟ್ಟಿ ಪಠ್ಯಪುಸ್ತಕಗಳನ್ನು ಬಿಟ್ಟುಹೋಗಿಲ್ಲ. ತಾಳಗುಂದದ ಕಂಬಕ್ಕೂ ಇದೇ ಗತಿ. ಎಂಟು ಮುಖದ ಆ ಕಂಬದ ಮೇಲೆ ಕೆಳಗಿನಿಂದ ಮೇಲಕ್ಕೆ ಓದಿಕೊಂಡು ಹೋಗಬೇಕಾದ ಸಂಸ್ಕೃತ ಕಾವ್ಯದಿಂದ ಕಂಚಿಯ ಘಟಿಕಾಸ್ಥಾನವನ್ನೂ ಪಲ್ಲವರ ಕುದುರೆ ಸವಾರನ ಜೊತೆಗಿನ ಮಯೂರಶರ್ಮನ ಜಗಳವನ್ನೂ ಎಲ್ಲರೂ ಎತ್ತಿಕೊಳ್ಳುತ್ತಾರೆ. ಆದರೆ ಅದನ್ನು ಬರೆಸಿದ್ದು ಕಾಕುಸ್ಥವರ್ಮನು ದೇವಾಲಯಕ್ಕಾಗಿ ಕಟ್ಟಿಸಿದ ಕೆರೆಯ ಸಲುವಾಗಿ, ಬರೆಸಿದವನು ಅವನ ಮಗ ಶಾಂತಿವರ್ಮ.

ಮಳವಳ್ಳಿಯ ಎರಡನೆಯ ಶಾಸನದ ಕದಂಬ ರಾಜ ಯಾರು ಎಂಬ ಪ್ರಶ್ನೆ ಉಳಿಯುತ್ತದೆ. ಮಯೂರಶರ್ಮನೇ ಎಂಬುದು ಹೆಚ್ಚಿನವರ ಮತ. ಇದಕ್ಕೆ ಇರುವ ಆಧಾರ ಭಾಷೆ: ಚಂದ್ರವಳ್ಳಿಯದೂ ಪ್ರಾಕೃತ, ಮಳವಳ್ಳಿಯದೂ ಪ್ರಾಕೃತ, ಅನಂತರದ ಕದಂಬ ಶಾಸನಗಳು ಬಹುಮಟ್ಟಿಗೆ ಸಂಸ್ಕೃತ. ಈ ಆಧಾರದಿಂದ ಶಾಸನವು ಕದಂಬರ ಆಳ್ವಿಕೆಯ ಆರಂಭಕಾಲದ್ದೆಂದು ಹೇಳಬಹುದೇ ಹೊರತು, ಮಯೂರಶರ್ಮನದೇ ಎನ್ನಲಾಗದು. ಅವನ ಮಗ ಕಂಗವರ್ಮನ ಕಾಲಕ್ಕೆ ಅರಮನೆಯ ಭಾಷೆ ಬದಲಾಗಿತ್ತೆಂದು ತೋರಿಸುವ ಬರಹವಿಲ್ಲ. ಹಿಂದಿನ ದಾನಿಯ ಹೆಸರನ್ನು ಇಷ್ಟು ವಿವರವಾಗಿ ಕೊಟ್ಟ ಶಾಸನವು ತನ್ನ ದೊರೆಯನ್ನು ‘ಕದಂಬರ ರಾಜ’ ಎಂದಷ್ಟೇ ಕರೆದಿರುವಾಗ, ಅಲ್ಲಿ ಮಯೂರಶರ್ಮನ ಹೆಸರನ್ನು ಸೇರಿಸಿ ಅಚ್ಚು ಹಾಕುವ ಸಂಪಾದಕರು ಅದನ್ನು ಚೌಕ ಆವರಣದಲ್ಲಾದರೂ ಇಡಬೇಕು.